ಕಡಿಮೆ ಬಿದ್ದ ಒಂದೇ ಒಂದು ಕಾಗದ: ಕೌನಾಸ್, 1940

ಭಾಗ 1/10

‘ನಿಮ್ಮ ಅರ್ಜಿ ಅಪೂರ್ಣವಾಗಿದೆ. ಈ ಕೆಳಗಿನ ದಾಖಲೆಗಳನ್ನು ಒದಗಿಸಿ.’

ವೀಸಾಗೆ ಅರ್ಜಿ ಹಾಕಿದವರಿಗೆ ಈ ಎರಡು ಸಾಲು ಎಂಥ ಸಂಕಟ ಕೊಡುತ್ತೆ ಅಂತ ಗೊತ್ತು. ಎಂಎಸ್ ಮಾಡೋಕೆ ಅಮೆರಿಕಕ್ಕೆ ಹೋದ ನಿಮ್ಮ ಸೀನಿಯರ್‌ಗಳನ್ನ ಕೇಳಿ, 221(ಜಿ) ಅನ್ನೋ ಚೀಟಿಯ ಕಥೆ ಹೇಳ್ತಾರೆ. ಇಂಟರ್‌ವ್ಯೂ ಮುಗಿಸಿ ಹೊರಗೆ ಬರುವಾಗ ಕೈಗೆ ಪಾಸ್‌ಪೋರ್ಟ್ ಬದಲು ಒಂದು ಹಾಳೆ ಬರುತ್ತೆ. ಬ್ಯಾಂಕ್ ಸ್ಟೇಟ್‌ಮೆಂಟ್ ಸಾಲದು, ಆ ಪತ್ರ ಬೇಕು, ಈ ಪ್ರಮಾಣಪತ್ರ ಬೇಕು. ಅದು ಸಿಗೋವರೆಗೂ ಫೈಲ್ ಅಲ್ಲೇ ನಿಂತಿರುತ್ತೆ.

ನಮಗೆ ಅದರ ಬೆಲೆ ಒಂದು ಸೆಮಿಸ್ಟರ್ ಇರಬಹುದು, ಒಂದಷ್ಟು ಫೀಸ್ ಇರಬಹುದು, ಮನೆಯಲ್ಲಿ ನಾಲ್ಕು ದಿನ ಸಪ್ಪೆ ಮುಖ ಇರಬಹುದು.

ಆದರೆ 1940ರ ಜುಲೈ ತಿಂಗಳಲ್ಲಿ, ಯುರೋಪಿನ ಲಿಥುವೇನಿಯಾ ಅನ್ನೋ ಪುಟ್ಟ ದೇಶದಲ್ಲಿ, ಸಾವಿರಾರು ಜನರ ಫೈಲ್ ಇದೇ ಥರ ನಿಂತುಹೋಗಿತ್ತು. ಅವರಿಗೂ ಕಡಿಮೆ ಬಿದ್ದದ್ದು ದಾಖಲೆಯೇ. ಅದು ಸಿಕ್ಕವರಲ್ಲಿ ಅನೇಕರು ಬದುಕಿದರು. ಸಿಗದೆ ಅಲ್ಲೇ ಉಳಿದ ಬಹುಪಾಲು ಜನ ಒಂದೂವರೆ ವರ್ಷದ ಒಳಗೆ ಕೊಲೆಯಾದರು.

ಈ ಸರಣಿ ಆ ಒಂದು ಕಾಗದದ ಬಗ್ಗೆ. ಅದನ್ನ ಕೇಳಿದವರು ಯಾರು, ಬರೆದವರು ಯಾರು, ಒಪ್ಪಿಕೊಂಡವರು ಯಾರು, ಮತ್ತೆ ಆ ಕಾಗದದಲ್ಲಿ ನಿಜವಾಗಿ ಏನಿತ್ತು ಅನ್ನೋದರ ಬಗ್ಗೆ. ಹತ್ತು ಭಾಗ ಇದೆ, ನಿಧಾನವಾಗಿ ಓದಿ.

ಭಾಗ 2/10

ಮೊದಲು ಒಂದು ಪ್ರಶ್ನೆ. ದೇಶ ದಾಟೋಕೆ ಇಷ್ಟೊಂದು ಕಾಗದ ಬೇಕು ಅನ್ನೋ ಪದ್ಧತಿ ಶುರುವಾಗಿದ್ದು ಯಾವಾಗ?

ನಾವು ಅಂದ್ಕೊಂಡಷ್ಟು ಹಳೇದಲ್ಲ. ಮೊದಲ ಮಹಾಯುದ್ಧಕ್ಕೆ ಮುಂಚೆ ಪಶ್ಚಿಮ ಯುರೋಪಿನ ಬಹುತೇಕ ಕಡೆ ಪಾಸ್‌ಪೋರ್ಟ್ ಇಲ್ಲದೆಯೇ ಓಡಾಡಬಹುದಿತ್ತು. 1914ರಲ್ಲಿ ಯುದ್ಧ ಶುರುವಾದಾಗ ಗೂಢಚಾರರ ಭಯ ಹುಟ್ಟಿತು, ಗಡಿಗಳಲ್ಲಿ ಪಾಸ್‌ಪೋರ್ಟ್ ಕಡ್ಡಾಯ ಆಯ್ತು. ತಾತ್ಕಾಲಿಕ ಅಂತಲೇ ತಂದದ್ದು. ಯುದ್ಧ ಮುಗಿದರೂ ಅದು ಹೋಗಲಿಲ್ಲ. 1920ರಲ್ಲಿ ಲೀಗ್ ಆಫ್ ನೇಷನ್ಸ್ ಪ್ಯಾರಿಸ್‌ನಲ್ಲಿ ಸಭೆ ಸೇರಿಸಿ ಪಾಸ್‌ಪೋರ್ಟ್ ಪುಸ್ತಕ ಹೇಗಿರಬೇಕು ಅಂತ ಒಂದು ಮಾದರಿ ಮಾಡಿತು. ನಮ್ಮಲ್ಲೂ ಬ್ರಿಟಿಷ್ ಸರ್ಕಾರ ಪಾಸ್‌ಪೋರ್ಟ್ ಕಾಯ್ದೆ ತಂದದ್ದು ಅದೇ 1920ರಲ್ಲಿ.

1924ರಲ್ಲಿ ಅಮೆರಿಕ ಇನ್ನೊಂದು ಹೆಜ್ಜೆ ಮುಂದೆ ಹೋಯ್ತು. ಯಾವ ದೇಶದಿಂದ ವರ್ಷಕ್ಕೆ ಎಷ್ಟು ಜನ ಬರಬಹುದು ಅಂತ ಕೋಟಾ ಹಾಕಿತು. ಕೋಟಾದಲ್ಲಿ ಸರದಿ ಬಂದರೆ ಸಾಕಾ? ಇಲ್ಲ. 1930ರ ದಶಕದ ಕೊನೆಯಲ್ಲಿ ಜರ್ಮನಿಯಿಂದ ಓಡಿಹೋಗಬೇಕಿದ್ದ ಒಬ್ಬ ಯೆಹೂದಿ ಅಮೆರಿಕನ್ ಕಚೇರಿಗೆ ಏನೇನು ಕೊಡಬೇಕಿತ್ತು ನೋಡಿ. ವೀಸಾ ಅರ್ಜಿಯ 5 ಪ್ರತಿ. ಜನನ ಪ್ರಮಾಣಪತ್ರದ 2 ಪ್ರತಿ. ಅಮೆರಿಕದಲ್ಲಿರೋ ಜಾಮೀನುದಾರರ ಪ್ರಮಾಣಪತ್ರ, ಅವರ ತೆರಿಗೆ ಲೆಕ್ಕ, ಅವರ ಬ್ಯಾಂಕ್ ಪತ್ರ. ವೈದ್ಯಕೀಯ ತಪಾಸಣೆ. ಯುದ್ಧ ಶುರುವಾದ ಮೇಲೆ, ಹಡಗಿನ ಟಿಕೆಟ್ ಕಾದಿರಿಸಿದ್ದಕ್ಕೆ ಪುರಾವೆ.

ಇದೆಲ್ಲದರ ಜೊತೆ ಸನ್ನಡತೆಯ ಪ್ರಮಾಣಪತ್ರ. ಅದನ್ನ ತರಬೇಕಾದದ್ದು ಯಾರಿಂದ ಗೊತ್ತಾ? ಜರ್ಮನ್ ಪೊಲೀಸರಿಂದ. ಯಾರ ಕೈಯಿಂದ ತಪ್ಪಿಸಿಕೊಂಡು ಓಡ್ತಿದ್ದರೋ ಅವರ ಹತ್ತಿರವೇ ‘ಇವನು ಒಳ್ಳೆಯವನು’ ಅಂತ ಬರೆಸಿಕೊಂಡು ಬರಬೇಕಿತ್ತು.

ಭಾಗ 3/10

ಇನ್ನೊಂದು ಕಷ್ಟ ಇತ್ತು. ಈ ಕಾಗದಗಳು ಒಂದನ್ನೊಂದು ಹಿಡಿದುಕೊಂಡಿದ್ದವು.

ದೇಶ ಬಿಡೋಕೆ ಎಕ್ಸಿಟ್ ಪರ್ಮಿಟ್ ಬೇಕು. ಅದು ಬೇಕಂದ್ರೆ ಮಧ್ಯದ ದೇಶ ದಾಟೋಕೆ ಟ್ರಾನ್ಸಿಟ್ ವೀಸಾ ತೋರಿಸಿ ಅಂತಾರೆ. ಟ್ರಾನ್ಸಿಟ್ ವೀಸಾ ಕೇಳಿದ್ರೆ ಕೊನೆಗೆ ಎಲ್ಲಿಗೆ ಹೋಗ್ತೀರೋ ಆ ದೇಶದ ವೀಸಾ ತೋರಿಸಿ ಅಂತಾರೆ. ಕೊನೆಯ ದೇಶದವರು ಹಡಗಿನ ಟಿಕೆಟ್ ಎಲ್ಲಿ ಅಂತಾರೆ. ಹಡಗಿನವರು ವೀಸಾ ಇಲ್ಲದೆ ಟಿಕೆಟ್ ಇಲ್ಲ ಅಂತಾರೆ. ಪ್ರತಿಯೊಂದಕ್ಕೂ ಅವಧಿ ಬೇರೆ. ಒಂದು ಕೈಗೆ ಬರೋಷ್ಟರಲ್ಲಿ ಇನ್ನೊಂದರ ಅವಧಿ ಮುಗಿದಿರುತ್ತೆ. ಹಗ್ಗದ ಗಂಟು ಬಿಚ್ಚೋಕೆ ತುದಿಯೇ ಸಿಗದ ಹಾಗೆ.

ಇದು ಬರೀ ಆಡಳಿತದ ಗೊಂದಲ ಅಂತ ಅಂದ್ಕೋಬೇಡಿ. 1940ರ ಜೂನ್ 26ರಂದು ಅಮೆರಿಕದ ವಿದೇಶಾಂಗ ಇಲಾಖೆಯ ಹಿರಿಯ ಅಧಿಕಾರಿ ಬ್ರೆಕಿನ್‌ರಿಜ್ ಲಾಂಗ್ ಒಂದು ಟಿಪ್ಪಣಿ ಬರೆದರು. ಅದರ ಸಾರ ಇಷ್ಟು: ವಲಸೆ ಬರೋರನ್ನ ಕಾನೂನು ಬದಲಿಸದೆಯೇ ತಡೆಯಬಹುದು. ನಮ್ಮ ಕಾನ್ಸುಲ್‌ಗಳಿಗೆ ಹೇಳಿದರೆ ಸಾಕು, ಅಡ್ಡಿ ಒಡ್ಡಲಿ, ಹೆಚ್ಚುವರಿ ಪುರಾವೆ ಕೇಳಲಿ, ಮುಂದಕ್ಕೆ ಹಾಕ್ತಾ ಹೋಗಲಿ.

ಅಂದರೆ ‘ಇನ್ನೊಂದು ದಾಖಲೆ ತನ್ನಿ’ ಅನ್ನೋದು ಅಲ್ಲಿ ಪ್ರಶ್ನೆಯಾಗಿ ಉಳಿದಿರಲಿಲ್ಲ, ಉತ್ತರವೇ ಆಗಿತ್ತು. ಇಲ್ಲ ಅಂತ ಹೇಳದೆ ಇಲ್ಲ ಅನ್ನೋ ದಾರಿ.

ಕೈಲಿ ಕಾಗದ ಇದ್ದರೂ ಸಾಲದು ಅನ್ನೋದಕ್ಕೂ ಉದಾಹರಣೆ ಇದೆ. 1939ರ ಮೇ ತಿಂಗಳಲ್ಲಿ ಸೇಂಟ್ ಲೂಯಿ ಅನ್ನೋ ಹಡಗು 937 ಪ್ರಯಾಣಿಕರನ್ನ ಹೊತ್ತು ಹ್ಯಾಂಬರ್ಗ್‌ನಿಂದ ಕ್ಯೂಬಾಗೆ ಹೊರಟಿತು. ಹೆಚ್ಚಿನವರು ಯೆಹೂದಿಗಳು, ಇಳಿಯೋ ಅನುಮತಿ ಪತ್ರ ಅವರ ಹತ್ತಿರ ಇತ್ತು. ಹಡಗು ಹೊರಡೋಕೆ ಮುಂಚೆಯೇ ಕ್ಯೂಬಾ ಸರ್ಕಾರ ಆ ಪತ್ರಗಳನ್ನ ರದ್ದು ಮಾಡಿಬಿಟ್ಟಿತ್ತು. ಹವಾನಾದಲ್ಲಿ ಇಳಿಯೋಕೆ ಬಿಟ್ಟದ್ದು 28 ಜನರನ್ನ ಮಾತ್ರ. ಉಳಿದವರು ಯುರೋಪಿಗೆ ವಾಪಸ್ಸಾದರು. ಅವರಲ್ಲಿ 254 ಜನ ಮುಂದೆ ಹತ್ಯಾಕಾಂಡದಲ್ಲಿ ಸತ್ತರು.

ಭಾಗ 4/10

ಈಗ ಕೌನಾಸ್‌ಗೆ ಬರೋಣ. ಮ್ಯಾಪ್ ತೆಗೆದು ಪಕ್ಕದಲ್ಲಿ ಇಟ್ಕೊಳ್ಳಿ, ಸುಲಭ ಆಗುತ್ತೆ.

1939ರ ಸೆಪ್ಟೆಂಬರ್ 1ರಂದು ಜರ್ಮನಿ ಪಶ್ಚಿಮದಿಂದ ಪೋಲೆಂಡ್ ಮೇಲೆ ಬಿತ್ತು. ಸೆಪ್ಟೆಂಬರ್ 17ರಂದು ಪೂರ್ವದಿಂದ ಸೋವಿಯತ್ ಸೇನೆ ನುಗ್ಗಿತು. ಮಧ್ಯದಲ್ಲಿ ಸಿಕ್ಕಿಬಿದ್ದ ಪೋಲೆಂಡಿನ ಸಾವಿರಾರು ಯೆಹೂದಿಗಳು ಉತ್ತರಕ್ಕೆ, ಇನ್ನೂ ಸ್ವತಂತ್ರವಾಗಿದ್ದ ಲಿಥುವೇನಿಯಾಗೆ ಓಡಿದರು. ಅವರಲ್ಲಿ ವಕೀಲರು, ವ್ಯಾಪಾರಿಗಳು, ಕೈಮಗು ಹೊತ್ತ ತಾಯಂದಿರು ಇದ್ದರು. ಯೆಶಿವಾಗಳು, ಅಂದರೆ ಯೆಹೂದಿ ಧರ್ಮಗ್ರಂಥ ಕಲಿಸೋ ವಿದ್ಯಾಪೀಠಗಳು, ಗುರುಗಳೂ ಶಿಷ್ಯರೂ ಸೇರಿ ಗುಂಪುಗುಂಪಾಗಿ ಬಂದವು. ಮೀರ್ ಅನ್ನೋ ಊರಿನ ಯೆಶಿವಾದಿಂದಲೇ ಸುಮಾರು 300 ಹುಡುಗರು. ಹೆಚ್ಚುಕಮ್ಮಿ ನಮ್ಮ ನಿಮ್ಮ ವಯಸ್ಸಿನವರು.

ಒಂಬತ್ತು ತಿಂಗಳು ಹೇಗೋ ಕಳೀತು. 1940ರ ಜೂನ್ 15ರಂದು ಸೋವಿಯತ್ ಸೇನೆ ಲಿಥುವೇನಿಯಾಕ್ಕೂ ಬಂತು. ಕೆಲವೇ ವಾರಗಳಲ್ಲಿ ಆ ದೇಶವನ್ನ ಸೋವಿಯತ್ ಒಕ್ಕೂಟಕ್ಕೆ ಸೇರಿಸಿಕೊಂಡರು. ಅಂದಿನ ರಾಜಧಾನಿ ಕೌನಾಸ್‌ನಲ್ಲಿದ್ದ ವಿದೇಶಿ ಕಚೇರಿಗಳಿಗೆಲ್ಲ ಆಗಸ್ಟ್ ಮುಗಿಯೋದರೊಳಗೆ ಬಾಗಿಲು ಹಾಕಿ ಅಂತ ಆದೇಶ ಬಂತು.

ಪಶ್ಚಿಮಕ್ಕೆ ಹೋಗೋ ಹಾಗಿಲ್ಲ, ಅಲ್ಲಿ ಹಿಟ್ಲರ್. ಉಳಿದದ್ದು ಪೂರ್ವ ಒಂದೇ. ಸೋವಿಯತ್ ಒಕ್ಕೂಟವನ್ನ ರೈಲಿನಲ್ಲಿ ಅಡ್ಡಡ್ಡ ದಾಟಿ, ವ್ಲಾಡಿವಸ್ಟಾಕ್ ತಲುಪಿ, ಅಲ್ಲಿಂದ ಹಡಗಿನಲ್ಲಿ ಜಪಾನ್. ಜಪಾನಿನಿಂದ ಮುಂದೆ ಎಲ್ಲಿಗಾದರೂ.

ಸೋವಿಯತ್‌ನವರು ಬಿಡಬೇಕಾದರೆ ಜಪಾನಿನ ಟ್ರಾನ್ಸಿಟ್ ವೀಸಾ ಬೇಕು. ಜಪಾನಿನವರು ಕೊಡಬೇಕಾದರೆ ‘ಮುಂದೆ ಎಲ್ಲಿಗೆ?’ ಅನ್ನೋದಕ್ಕೆ ಉತ್ತರ ಬೇಕು. ಆ ಉತ್ತರ ಯಾರ ಹತ್ತಿರವೂ ಇರಲಿಲ್ಲ. ಯಾವ ದೇಶವೂ ಅವರನ್ನ ಕರೆಯುತ್ತಿರಲಿಲ್ಲ.

ಅದೇ ಕಡಿಮೆ ಬಿದ್ದ ಕಾಗದ.

ಭಾಗ 5/10

ಗಂಟಿನ ತುದಿ ಹುಡುಕಿದ್ದು ಒಬ್ಬ ಅರ್ಜಿದಾರರು. ಈ ಕಥೆ ಹೇಳುವಾಗ ಜನ ಸಾಮಾನ್ಯವಾಗಿ ಅಧಿಕಾರಿಗಳಿಂದ ಶುರು ಮಾಡ್ತಾರೆ. ನಾವು ಹಾಗೆ ಮಾಡೋದು ಬೇಡ.

ಪೆಸ್ಲಾ ಲೆವಿನ್ ಹುಟ್ಟಿದ್ದು ನೆದರ್‌ಲೆಂಡ್ಸ್‌ನಲ್ಲಿ. ಪೋಲೆಂಡಿನ ಐಸಾಕ್ ಲೆವಿನ್ ಅವರನ್ನ ಮದುವೆಯಾದ ಮೇಲೆ ಅಂದಿನ ಕಾನೂನಿನ ಪ್ರಕಾರ ಡಚ್ ಪೌರತ್ವ ಹೋಯ್ತು. ಈಗ ಪೋಲೆಂಡೇ ಇಲ್ಲ, ನೆದರ್‌ಲೆಂಡ್ಸ್ ಕೂಡ 1940ರ ಮೇ ತಿಂಗಳಲ್ಲಿ ಜರ್ಮನಿಗೆ ಸೋತಿದೆ. ಆದರೆ ಡಚ್ಚರ ವಸಾಹತುಗಳು ಇನ್ನೂ ಜರ್ಮನರ ಕೈಗೆ ಹೋಗಿರಲಿಲ್ಲ.

ಪೆಸ್ಲಾ ಅವರು ರೀಗಾ ನಗರದಲ್ಲಿದ್ದ ಡಚ್ ರಾಯಭಾರಿ ಎಲ್.ಪಿ.ಜೆ. ಡಿ ಡೆಕ್ಕರ್ ಅವರಿಗೆ ಪತ್ರ ಬರೆದರು. ಈಸ್ಟ್ ಇಂಡೀಸ್‌ಗೆ, ಅಂದರೆ ಇವತ್ತಿನ ಇಂಡೋನೇಷ್ಯಾಗೆ, ವೀಸಾ ಕೊಡ್ತೀರಾ? ಆಗಲ್ಲ ಅಂತ ಉತ್ತರ ಬಂತು. ಬೇರೆ ಯಾರಾದ್ರೂ ಅಲ್ಲಿಗೇ ಬಿಟ್ಟುಬಿಡ್ತಿದ್ದರು. ಅವರು ಮತ್ತೆ ಬರೆದರು. ಹಾಗಾದರೆ ಅಮೆರಿಕ ಖಂಡದ ಕಡೆ ಇರೋ ಸುರಿನಾಮ್, ಕ್ಯುರಸಾವ್?

ಕ್ಯುರಸಾವ್ ಅಂದ್ರೆ ವೆನೆಜುವೆಲಾದ ಹತ್ತಿರ, ಕೆರಿಬಿಯನ್ ಸಮುದ್ರದ ಒಂದು ಚಿಕ್ಕ ದ್ವೀಪ. ರಾಯಭಾರಿಯ ಉತ್ತರದಲ್ಲಿ ಎರಡು ಭಾಗ ಇತ್ತು. ಒಂದು, ಅಲ್ಲಿಗೆ ಹೋಗೋಕೆ ವೀಸಾ ಅಂತ ಬೇಕಿಲ್ಲ. ಎರಡು, ಇಳಿಯೋಕೆ ಮಾತ್ರ ಅಲ್ಲಿನ ಗವರ್ನರ್ ಅನುಮತಿ ಬೇಕು, ಅದು ಸಿಗೋದು ತೀರಾ ಅಪರೂಪ.

ಪೆಸ್ಲಾ ಮೂರನೇ ಸಲ ಬರೆದರು. ಮೊದಲ ಭಾಗವನ್ನ ನನ್ನ ಪಾಸ್‌ಪೋರ್ಟಿನಲ್ಲಿ ಬರೆದುಕೊಡಿ, ಎರಡನೆಯದನ್ನ ಬಿಟ್ಟುಬಿಡಿ.

ಡಿ ಡೆಕ್ಕರ್ ಬರೆದುಕೊಟ್ಟರು. 1940ರ ಜುಲೈ 11ರಂದು, ಫ್ರೆಂಚ್ ಭಾಷೆಯಲ್ಲಿ. ಸುರಿನಾಮ್, ಕ್ಯುರಸಾವ್ ಮತ್ತು ಅಮೆರಿಕದಲ್ಲಿರೋ ಇತರ ಡಚ್ ಪ್ರದೇಶಗಳಿಗೆ ವಿದೇಶಿಯರ ಪ್ರವೇಶಕ್ಕೆ ವೀಸಾ ಬೇಕಾಗಿಲ್ಲ ಅಂತ.

ಆ ಸಾಲಿನಲ್ಲಿ ಒಂದು ಅಕ್ಷರ ಸುಳ್ಳಿಲ್ಲ. ಆದರೆ ಪೂರ್ತಿ ಮಾತೂ ಅಲ್ಲ. ಅರ್ಧ ವಾಕ್ಯ, ಅಷ್ಟೇ.

ಭಾಗ 6/10

ಆ ಅರ್ಧ ವಾಕ್ಯ ಒಂದು ಮನೆಯವರಿಗಷ್ಟೇ ಉಳಿದುಬಿಡಬಹುದಿತ್ತು. ಉಳೀಲಿಲ್ಲ.

ಕೌನಾಸ್‌ನಲ್ಲಿ ಫಿಲಿಪ್ಸ್ ರೇಡಿಯೋ ಮಾರಾಟದ ಕಚೇರಿ ನೋಡಿಕೊಳ್ಳುತ್ತಿದ್ದ ಯಾನ್ ಜ್ವಾರ್ಟೆಂಡೈಕ್ ಅನ್ನೋ ಡಚ್ಚರು ಇದ್ದರು. ವೃತ್ತಿಯಿಂದ ರಾಜತಾಂತ್ರಿಕರಲ್ಲ. ಮೊದಲಿದ್ದ ಕಾನ್ಸುಲ್ ಜರ್ಮನ್ ಪರ ಅನ್ನೋ ಕಾರಣಕ್ಕೆ ಡಿ ಡೆಕ್ಕರ್ ಅವರು ಜೂನ್ ತಿಂಗಳಲ್ಲಿ ಇವರನ್ನ ಹಂಗಾಮಿ ಕಾನ್ಸುಲ್ ಮಾಡಿದ್ದರು. ಕೆಲಸಕ್ಕೆ ಸೇರಿ ಇನ್ನೂ ಕೆಲವೇ ವಾರ ಆಗಿತ್ತು.

ಜುಲೈ 22ರಂದು ಐಸಾಕ್ ಲೆವಿನ್ ಹೆಂಡತಿಯ ಪಾಸ್‌ಪೋರ್ಟ್ ತೋರಿಸಿ, ನನಗೂ ಇದನ್ನೇ ಬರೆದುಕೊಡಿ ಅಂದರು. ಜ್ವಾರ್ಟೆಂಡೈಕ್ ನೋಡಿಕೊಂಡು ಹಾಗೇ ಬರೆದರು. ಅದೇ ಹೊತ್ತಿಗೆ ನೇಥನ್ ಗುಟ್‌ವಿರ್ತ್ ಅನ್ನೋ ಡಚ್ ಯೆಶಿವಾ ವಿದ್ಯಾರ್ಥಿಯೂ ಅವರನ್ನ ಕೇಳಿದ್ದ, ತನಗೆ ಮಾತ್ರ ಅಲ್ಲ, ಜೊತೆಯವರಿಗೂ ಬೇಕು ಅಂತ. ನಿರಾಶ್ರಿತರ ಪರ ಓಡಾಡುತ್ತಿದ್ದ ವಕೀಲ ಜೆರಾಖ್ ವಾರ್ಹಾಫ್ಟಿಗ್ ಈ ಸುದ್ದಿಯನ್ನ ಊರಿಂದೂರಿಗೆ ಮುಟ್ಟಿಸಿದರು.

ಆಮೇಲೆ ಸಾಲು ನಿಂತಿತು. ಲೈಸ್ವೆಸ್ ಬೀದಿಯ ಆ ಕಚೇರಿಯಲ್ಲಿ ಜ್ವಾರ್ಟೆಂಡೈಕ್ ಮೊದಲು ಕೈಯಲ್ಲೇ ಬರೆದರು. ಕೈ ಸೋತು ಹೋದಾಗ ಆ ಸಾಲಿನದೇ ಒಂದು ರಬ್ಬರ್ ಸೀಲು ಮಾಡಿಸಿದರು. ಜುಲೈ 24ರಿಂದ ಆಗಸ್ಟ್ 3ರವರೆಗೆ, ಅಂದರೆ ಎರಡು ವಾರ ಕೂಡ ತುಂಬದ ಹೊತ್ತಿನಲ್ಲಿ, ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಅದು ಸಿಕ್ಕಿತು. ಆಮೇಲೆ ಕಚೇರಿ ಮುಚ್ಚಿಸಲಾಯಿತು.

ಸ್ವಲ್ಪ ಯೋಚಿಸಿ. ಅವರ ಸ್ವಂತ ದೇಶ ಜರ್ಮನರ ವಶದಲ್ಲಿತ್ತು. ಹೆಂಡತಿ ಮಕ್ಕಳ ಜೊತೆ ಅವರು ವಾಪಸ್ ಹೋಗಬೇಕಾಗಿದ್ದುದು ಅಲ್ಲಿಗೇ. ಈ ಪಟ್ಟಿ ಗೆಸ್ಟಾಪೋ ಕೈಗೆ ಸಿಕ್ಕರೆ ಏನು ಗತಿ? ಅದು ಗೊತ್ತಿದ್ದೂ ಸೀಲು ಒತ್ತಿದರು.

ಭಾಗ 7/10

ಕ್ಯುರಸಾವ್ ಸಾಲು ಹಿಡಿದುಕೊಂಡು ಜನ ಹೋಗಿ ನಿಂತದ್ದು ಜಪಾನಿನ ಕಾನ್ಸುಲೇಟಿನ ಗೇಟಿನ ಮುಂದೆ. ಒಳಗಿದ್ದವರು ಚಿಯೂನೆ ಸುಗಿಹಾರ, ನಲವತ್ತು ವರ್ಷದ ಅಧಿಕಾರಿ. ರಷ್ಯನ್ ಚೆನ್ನಾಗಿ ಬರ್ತಿತ್ತು.

ಇವರ ಹೆಸರು ನೀವು ಕೇಳಿರಬಹುದು. ‘ಮೇಲಿನವರ ಆದೇಶ ಧಿಕ್ಕರಿಸಿ ವೀಸಾ ಕೊಟ್ಟವರು’ ಅಂತ ಒಂದೇ ಸಾಲಿನಲ್ಲಿ ಹೇಳಿ ಮುಗಿಸ್ತಾರೆ. ಅದರೊಳಗೆ ಏನಾಯ್ತು ಅನ್ನೋದು ನಮ್ಮ ವಿಷಯಕ್ಕೆ ಮುಖ್ಯ.

ಜಪಾನಿನ ನಿಯಮ ಸ್ಪಷ್ಟ ಇತ್ತು. ಟ್ರಾನ್ಸಿಟ್ ವೀಸಾ ಕೊಡಬೇಕಾದರೆ ಕೊನೆಯ ದೇಶದ ಪ್ರವೇಶದ ವ್ಯವಸ್ಥೆ ಮುಗಿದಿರಬೇಕು, ಜಪಾನಿನಲ್ಲಿ ಇರೋಷ್ಟು ದಿನದ ಖರ್ಚಿಗೆ ದುಡ್ಡಿರಬೇಕು. ಸುಗಿಹಾರ ಟೋಕಿಯೋಗೆ ತಂತಿ ಕಳಿಸಿ ಕೇಳಿದರು. ನಿಯಮ ಬಿಟ್ಟು ಕೊಡಬೇಡಿ ಅನ್ನೋದೇ ಉತ್ತರ. ಆದರೂ ಅವರು ಕೊಡೋಕೆ ಶುರು ಮಾಡಿದರು. ಬೆಳಿಗ್ಗೆಯಿಂದ ರಾತ್ರಿವರೆಗೂ ಕೂತು ಕೈಯಲ್ಲಿ ಬರೆದರು.

ಆಗಸ್ಟ್ 16ರಂದು ವಿದೇಶಾಂಗ ಸಚಿವ ಮತ್ಸುಓಕಾ ಅವರ ತಂತಿ ಬಂತು. ನೀವು ವೀಸಾ ಕೊಟ್ಟವರಲ್ಲಿ ಕೆಲವರ ಹತ್ತಿರ ಸಾಕಷ್ಟು ದುಡ್ಡಿಲ್ಲ, ಮುಂದಿನ ದೇಶದ ಪ್ರವೇಶದ ವಿಧಿವಿಧಾನ ಮುಗಿದಿಲ್ಲ, ಇಂಥವರನ್ನ ಇಳಿಸಿಕೊಳ್ಳೋಕೆ ಆಗ್ತಿಲ್ಲ ಅಂತ. ಅಂದರೆ, ಅರ್ಜಿ ಅಪೂರ್ಣ.

ಸುಗಿಹಾರ ಆಮೇಲೆ ಕೊಟ್ಟ ಉತ್ತರ ಗಮನಿಸಿ. ಇಲ್ಲಿ ಹತ್ತಿರದಲ್ಲಿ ಆ ದೇಶಗಳ ಕಚೇರಿಯೇ ಇಲ್ಲ, ನಮ್ಮದೂ ಮುಚ್ಚಲಿದೆ, ಇವರಿಗೆ ಜಪಾನ್ ಬಿಟ್ಟು ಬೇರೆ ದಾರಿಯಿಲ್ಲ. ಆದ್ದರಿಂದ ವ್ಲಾಡಿವಸ್ಟಾಕ್‌ನಲ್ಲಿ ಹಡಗು ಹತ್ತೋದರೊಳಗೆ ಬಾಕಿ ದಾಖಲೆ ಪೂರ್ತಿ ಮಾಡಿಕೊಳ್ಳಬೇಕು ಅನ್ನೋ ಷರತ್ತಿನ ಮೇಲೆ ಕೊಟ್ಟಿದ್ದೇನೆ.

ಅವರು ನಿಯಮವೇ ತಪ್ಪು ಅಂತ ವಾದಕ್ಕೆ ನಿಲ್ಲಲಿಲ್ಲ. ‘ದಾಖಲೆ ಆಮೇಲೆ ತರ್ತಾರೆ, ಮೊದಲು ಹೊರಡಲಿ’ ಅಂದರು. ಕ್ರಮ ತಿರುಗಿಸಿದರು, ಅಷ್ಟೇ. ಅವರ ಪಟ್ಟಿಯಲ್ಲಿ 2,140 ಹೆಸರುಗಳಿವೆ. ಎಷ್ಟೋ ವೀಸಾಗಳ ಮೇಲೆ ಅಪ್ಪ ಅಮ್ಮನ ಜೊತೆ ಮಕ್ಕಳೂ ಹೋಗಬಹುದಿತ್ತು. ಸೆಪ್ಟೆಂಬರ್ ಮೊದಲ ವಾರ ಅವರು ಊರು ಬಿಡುವಾಗ, ರೈಲ್ವೆ ಪ್ಲಾಟ್‌ಫಾರ್ಮಿನಲ್ಲೂ ಬರೆದುಕೊಡುತ್ತಿದ್ದರು ಅಂತ ಅವರ ಮನೆಯವರು ನೆನಪು ಮಾಡಿಕೊಂಡಿದ್ದಾರೆ.

ಭಾಗ 8/10

ವೀಸಾ ಬಂತು. ಮುಗೀತಾ? ಇಲ್ಲ. ಇನ್ನೂ ಮೂರು ಗಂಟು ಬಾಕಿ.

ಒಂದು, ಸೀಲು ಒತ್ತೋಕೆ ಪಾಸ್‌ಪೋರ್ಟೇ ಇಲ್ಲದವರು ಎಷ್ಟೋ ಜನ. ಪೋಲೆಂಡಿನ ರಾಯಭಾರ ಕಚೇರಿ ಮುಚ್ಚಿತ್ತು. ಪೋಲೆಂಡ್ ಪ್ರಜೆಗಳ ಕೆಲಸ ನೋಡಿಕೊಳ್ಳುತ್ತಿದ್ದ ಕೌನಾಸ್‌ನ ಬ್ರಿಟಿಷ್ ಕಾನ್ಸುಲ್ ಥಾಮಸ್ ಪ್ರೆಸ್ಟನ್ ಅವರ ಕಚೇರಿ ಪಾಸ್‌ಪೋರ್ಟಿಗೆ ಬದಲಾಗಿ ಪ್ರಯಾಣ ಪತ್ರ ಕೊಟ್ಟಿತು. ಲಿಥುವೇನಿಯಾ ಸರ್ಕಾರವೂ ‘ಲೈದಿಮಾಸ್’ ಅನ್ನೋ ಅನುಮತಿ ಪತ್ರ ಕೊಟ್ಟಿತ್ತು. ಫೋಟೋ ಅಂಟಿಸಿದ ಒಂದು ಹಾಳೆ. ಅದರ ಮೇಲೆ ಡಚ್ ಸಾಲು, ಅದರ ಪಕ್ಕ ಜಪಾನಿ ಅಕ್ಷರ. ಇವತ್ತು ಮ್ಯೂಸಿಯಮ್‌ಗಳಲ್ಲಿ ಅಂಥ ಹಾಳೆಗಳನ್ನ ನೋಡಬಹುದು.

ಎರಡು, ಸೋವಿಯತ್ ಎಕ್ಸಿಟ್ ಪರ್ಮಿಟ್. ಅದಕ್ಕೆ ಹೆಸರು ಕೊಡಬೇಕಾದದ್ದು ಸೋವಿಯತ್ ಅಧಿಕಾರಿಗಳಿಗೆ. ‘ನಿಮ್ಮ ದೇಶದಲ್ಲಿ ಇರೋಕೆ ನನಗೆ ಇಷ್ಟ ಇಲ್ಲ’ ಅಂತ ಆ ಸರ್ಕಾರದ ಮುಂದೆಯೇ ಒಪ್ಪಿಕೊಂಡ ಹಾಗೆ. ಸೈಬೀರಿಯಾಗೆ ಗಡಿಪಾರು ಮಾಡ್ತಾರೇನೋ ಅನ್ನೋ ಭಯದಿಂದ, ಕೈಲಿ ವೀಸಾ ಇದ್ದರೂ ಅರ್ಜಿ ಹಾಕದೆ ಉಳಿದವರಿದ್ದರು. ಅರ್ಜಿ ಹಾಕೋದೇ ಒಂದು ಧೈರ್ಯ ಆಗಿತ್ತು.

ಮೂರು, ಟಿಕೆಟ್. ಸೋವಿಯತ್ ಪ್ರವಾಸ ಸಂಸ್ಥೆ ಇಂಟೂರಿಸ್ಟ್ ಟಿಕೆಟ್ ದುಡ್ಡನ್ನ ಅಮೆರಿಕನ್ ಡಾಲರಿನಲ್ಲೇ ಕೇಳ್ತಿತ್ತು, ಒಬ್ಬೊಬ್ಬರಿಗೆ ಸುಮಾರು 200 ಡಾಲರ್. ತಮಾಷೆ ಏನಂದ್ರೆ ಅಲ್ಲಿ ಡಾಲರ್ ಇಟ್ಟುಕೊಳ್ಳೋದೇ ಅಪರಾಧ. ಅಮೆರಿಕದ ನೆಂಟರು, ಯೆಹೂದಿ ಪರಿಹಾರ ಸಂಸ್ಥೆಗಳು ಹಣ ಹೊಂದಿಸಿದರು.

ಇಷ್ಟೆಲ್ಲ ಆದ ಮೇಲೆ ಮಾಸ್ಕೋದಿಂದ ವ್ಲಾಡಿವಸ್ಟಾಕ್‌ವರೆಗೆ 9,000 ಕಿಲೋಮೀಟರಿಗೂ ಹೆಚ್ಚಿನ ರೈಲು ಪ್ರಯಾಣ. ಚಳಿಗಾಲದಲ್ಲಿ ಸೈಬೀರಿಯಾ. ಅಲ್ಲಿಂದ ಜಪಾನಿನ ಸುರುಗಾ ಬಂದರಿಗೆ ಹಡಗು. ವ್ಲಾಡಿವಸ್ಟಾಕ್‌ನ ಜಪಾನಿ ಕಾನ್ಸುಲೇಟಿನಲ್ಲಿದ್ದ ಸಬುರೋ ನೇಯಿ ಕೂಡ ಈ ಜನರಿಗೆ ನೆರವಾದವರಲ್ಲಿ ಒಬ್ಬರು.

ಭಾಗ 9/10

1941ರ ಮಾರ್ಚ್. ಸುರುಗಾ ಬಂದರಿಗೆ ಅಮಾಕುಸಾ ಮಾರು ಹಡಗು ಬಂತು. ಅದರಲ್ಲಿದ್ದ ಎಪ್ಪತ್ತಕ್ಕೂ ಹೆಚ್ಚು ಜನರ ಕಾಗದದಲ್ಲಿ ಕ್ಯುರಸಾವ್ ಸಾಲು ಇರಲಿಲ್ಲ. ಜಪಾನಿನ ವೀಸಾ ಇದೆ, ಮುಂದೆ ಎಲ್ಲಿಗೆ ಅನ್ನೋದಿಲ್ಲ. ಅಧಿಕಾರಿಗಳು ಇಳಿಸಿಕೊಳ್ಳಲಿಲ್ಲ. ಹಡಗು ಅವರನ್ನ ಹೊತ್ತುಕೊಂಡು ವ್ಲಾಡಿವಸ್ಟಾಕ್ ಕಡೆ ತಿರುಗಿತು.

ಅಷ್ಟು ದೂರ ಬಂದು, ದಡ ಕಣ್ಣಿಗೆ ಕಾಣ್ತಿರುವಾಗ, ಒಂದು ಸಾಲು ಇಲ್ಲ ಅಂತ ವಾಪಸ್.

ಕೋಬೆ ನಗರದ ಯೆಹೂದಿ ಸಮಿತಿಯವರು ಓಡಾಡಿದರು. ಅಲ್ಲಿದ್ದ ಡಚ್ ಕಾನ್ಸುಲ್ ಎನ್.ಎ.ಜೆ. ಡಿ ಫೋಖ್ತ್ ಕಡಿಮೆ ಬಿದ್ದಿದ್ದ ಆ ಸಾಲನ್ನ ಒದಗಿಸಿಕೊಟ್ಟರು. ಅದೇ ಜನ ಮತ್ತೆ ಸುರುಗಾಗೆ ಬಂದರು, ಈ ಸಲ ಇಳಿದರು. ಮನುಷ್ಯರು ಅವರೇ, ಹಡಗು ಬಂದರು ಅವೇ. ಹೊಸದಾಗಿ ಸೇರಿದ್ದು ಒಂದು ದಾಖಲೆ ಮಾತ್ರ.

ಟ್ರಾನ್ಸಿಟ್ ವೀಸಾದ ಅವಧಿ ಕೆಲವೇ ದಿನದ್ದು. ಹೀಬ್ರೂ ವಿದ್ವಾಂಸ ಸೆತ್ಸುಜೋ ಕೋತ್ಸುಜಿ ತಮ್ಮ ಪರಿಚಯ ಬಳಸಿ ಅದನ್ನ ಮತ್ತೆ ಮತ್ತೆ ವಿಸ್ತರಿಸಿಕೊಟ್ಟರು. ಟೋಕಿಯೋದಲ್ಲಿದ್ದ ಪೋಲೆಂಡಿನ ರಾಯಭಾರಿ ತಡೇಯುಷ್ ರೋಮರ್ ಕೆನಡಾ, ಆಸ್ಟ್ರೇಲಿಯಾ, ಪ್ಯಾಲೆಸ್ತೈನ್ ಕಡೆಗೆ ನಿಜವಾದ ವೀಸಾಗಳನ್ನ ಹುಡುಕಿದರು. ಎಲ್ಲಿಗೂ ಹೋಗಲಾಗದೆ ಉಳಿದ ಸುಮಾರು ಸಾವಿರ ಜನರನ್ನ ಜಪಾನ್ 1941ರಲ್ಲಿ ಶಾಂಘೈಗೆ ಕಳಿಸಿತು. ಮೀರ್ ಯೆಶಿವಾದ ಹುಡುಗರು ಯುದ್ಧ ಮುಗಿಯೋವರೆಗೂ ಅಲ್ಲೇ ಓದು ಮುಂದುವರಿಸಿದರು.

ಈಗ ಕೌನಾಸ್‌ನಲ್ಲಿ ಉಳಿದವರ ಕಡೆ ನೋಡಬೇಕು. 1941ರ ಜೂನ್ 22ರಂದು ಜರ್ಮನಿ ಸೋವಿಯತ್ ಮೇಲೆ ದಾಳಿ ಮಾಡಿತು. ಅಕ್ಟೋಬರ್ 29ರಂದು, ಒಂದೇ ದಿನ, ಕೌನಾಸ್‌ನ ಒಂಬತ್ತನೇ ಕೋಟೆಯಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಯೆಹೂದಿಗಳನ್ನ ಗುಂಡಿಕ್ಕಿ ಕೊಂದರು. ಲಿಥುವೇನಿಯಾದ ಯೆಹೂದಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನ ಯುದ್ಧ ಮುಗಿಯೋಷ್ಟರಲ್ಲಿ ಇಲ್ಲವಾದರು. ಹೆಚ್ಚಿನವರು ಆ ಮೊದಲ ಆರು ತಿಂಗಳಲ್ಲೇ.

ಅವರೇನು ತಪ್ಪು ಅರ್ಜಿ ಹಾಕಿದವರಲ್ಲ. ಎಷ್ಟೋ ಜನ ಲಿಥುವೇನಿಯಾದ ಸ್ವಂತ ಪ್ರಜೆಗಳು, ಹೊರಗೆ ಹೋಗೋ ದಾರಿ ಅವರಿಗೆ ತೆರೆಯಲೇ ಇಲ್ಲ.

ಭಾಗ 10/10

ಬರೆದುಕೊಟ್ಟವರು ಏನಾದರು?

ಸುಗಿಹಾರ 1947ರಲ್ಲಿ ಜಪಾನಿಗೆ ವಾಪಸ್ ಬಂದರು, ವಿದೇಶಾಂಗ ಇಲಾಖೆಯ ಕೆಲಸ ಹೋಯ್ತು. 1984ರಲ್ಲಿ ಇಸ್ರೇಲಿನ ಯಾದ್ ವಾಶೇಮ್ ಸಂಸ್ಥೆ ಅವರನ್ನ ಗೌರವಿಸಿತು, 1986ರಲ್ಲಿ ತೀರಿಕೊಂಡರು. ಜ್ವಾರ್ಟೆಂಡೈಕ್ ಮತ್ತೆ ಫಿಲಿಪ್ಸ್ ಕೆಲಸಕ್ಕೇ ಹೋದರು, ಈ ವಿಷಯ ಹೆಚ್ಚಾಗಿ ಮಾತಾಡಲೇ ಇಲ್ಲ, 1976ರಲ್ಲಿ ತೀರಿಕೊಂಡರು. ನಿಯಮ ಮೀರಿದರು ಅಂತ ಡಚ್ ವಿದೇಶಾಂಗ ಇಲಾಖೆ 1960ರ ದಶಕದಲ್ಲಿ ಅವರನ್ನ ತರಾಟೆಗೆ ತಗೊಂಡಿತ್ತು. ಯಾದ್ ವಾಶೇಮ್ ಗೌರವ ಬಂದದ್ದು 1997ರಲ್ಲಿ, ಅವರು ಹೋದ ಮೇಲೆ. ಕೌನಾಸ್‌ನ ಅದೇ ಬೀದಿಯಲ್ಲಿ 2018ರಲ್ಲಿ ಬೆಳಕಿನ ಸ್ಮಾರಕವೊಂದು ನಿಂತಿತು.

ಈ ಕಥೆ ಓದಿ ‘ಹಾಗಾದರೆ ನಕಲಿ ಕಾಗದ ಮಾಡಿಸಬಹುದಾ?’ ಅಂತ ಕೇಳಬೇಡಿ. ವೀಸಾಗೆ ಸುಳ್ಳು ಬ್ಯಾಂಕ್ ಪತ್ರ ಕೊಡೋದು ಮೋಸ, ಸಿಕ್ಕಿಬಿದ್ದರೆ ವರ್ಷಗಟ್ಟಲೆ ಬಾಗಿಲು ಮುಚ್ಚುತ್ತೆ. ಜ್ವಾರ್ಟೆಂಡೈಕ್ ಬರೆದ ಸಾಲು ಸುಳ್ಳಾಗಿರಲಿಲ್ಲ. ಅದು ಯಾರಿಗೂ ನಷ್ಟ ಮಾಡಲಿಲ್ಲ, ಕೊಲೆಗಾರರ ಕೈಯಿಂದ ಜನರನ್ನ ದೂರ ಕಳಿಸಿತು.

ನನಗೆ ಇಲ್ಲಿ ಮುಖ್ಯ ಅನ್ನಿಸೋದು ಬೇರೆ. ದಾಖಲೆ ಕಡಿಮೆ ಬಿದ್ದಾಗ ತಪ್ಪು ಯಾವಾಗಲೂ ಅರ್ಜಿದಾರರದು ಅಂತ ನಾವು ಅಂದುಕೊಂಡಿದ್ದೇವೆ. 1940 ಹೇಳೋದು ಹಾಗಲ್ಲ. ಒಂದು ಕಾಗದ ಪೂರ್ತಿ ಆಗೋದು ಅರ್ಜಿ ಹಾಕೋರು ಮತ್ತು ಮೇಜಿನ ಆಚೆ ಕೂತಿರೋರು ಇಬ್ಬರೂ ಸೇರಿದಾಗ. ಪೆಸ್ಲಾ ಲೆವಿನ್ ಮೂರು ಸಲ ಕೇಳಿದರು, ಪ್ರತಿ ಸಲ ಪ್ರಶ್ನೆ ಬದಲಿಸಿ. ಆಚೆ ಕೂತವರು ನಿಯಮದಲ್ಲಿ ಇದ್ದ ಸಣ್ಣ ಜಾಗ ಹುಡುಕಿದರು. ಅದೇ ಬೇಸಿಗೆಯಲ್ಲಿ ವಾಷಿಂಗ್ಟನ್ನಿನ ಇನ್ನೊಬ್ಬ ಅಧಿಕಾರಿ ಅದೇ ನಿಯಮಗಳಲ್ಲಿ ಬಾಗಿಲು ಹಾಕೋ ಜಾಗ ಹುಡುಕಿದ್ದರು.

ನಮ್ಮಲ್ಲಿ ಕೆಲವರು ವೀಸಾಗೆ ಓಡಾಡ್ತಿದ್ದೀರಿ. ಪಟ್ಟಿ ಬಂದಾಗ ಗಾಬರಿ ಬೇಡ. ಯಾವ ಕಾಗದ ಯಾವುದಕ್ಕೆ ಕಾಯ್ತಿದೆ ಅಂತ ಬರೆದುಕೊಳ್ಳಿ, ತುದಿ ಹುಡುಕಿ, ಮತ್ತೆ ಕೇಳಿ.

ಇನ್ನೂ ಹೆಚ್ಚು ಜನ ಕೆಪಿಎಸ್‌ಸಿ, ಬ್ಯಾಂಕ್, ಎಫ್‌ಡಿಎ ಪರೀಕ್ಷೆಗೆ ಓದ್ತಿದ್ದೀರಿ. ನಾಳೆ ಯಾವುದೋ ತಾಲ್ಲೂಕು ಕಚೇರಿಯ ಕೌಂಟರಿನ ಆಚೆ ನೀವೇ ಕೂತಿರ್ತೀರಿ. ಪಿಂಚಣಿಗೋ ಜಾತಿ ಪ್ರಮಾಣಪತ್ರಕ್ಕೋ ಬಂದ ಅಜ್ಜಿಯ ಅರ್ಜಿಯಲ್ಲಿ ಒಂದು ದಾಖಲೆ ಇರಲ್ಲ. ‘ಇದಿಲ್ಲ, ನಾಳೆ ಬಾ’ ಅನ್ನೋದು ಸುಲಭ. ‘ಕೂತ್ಕೊಳಿ ಅಜ್ಜಿ, ಇದು ಎಲ್ಲಿ ಸಿಗುತ್ತೆ ನೋಡೋಣ’ ಅನ್ನೋದಕ್ಕೆ ಎರಡು ನಿಮಿಷ ಹೆಚ್ಚು ಬೇಕು.

ನೀವು ಯಾವುದನ್ನ ಹೇಳ್ತೀರಿ? ಕಮೆಂಟಿನಲ್ಲಿ ಬರೀರಿ. ವೀಸಾ ಓಡಾಟದಲ್ಲಿರೋ ಗೆಳೆಯರಿಗೆ ಕಳಿಸಿ, ಪರೀಕ್ಷೆಗೆ ಓದ್ತಿರೋರಿಗೂ ಕಳಿಸಿ.

#ಇತಿಹಾಸ #ಕೌನಾಸ್1940 #ಕನ್ನಡದಲ್ಲಿ_ಇತಿಹಾಸ